ರೈತರಿಂದಲೇ ಕಾಯಿಪಲ್ಯೆ: ಪುಣೆಯಲ್ಲಿ ಕೊಳ್ಳುವುದು ಹೇಗೆ?

ರವಿವಾರ ಬೆಳಿಗ್ಗೆ ಏಳಕ್ಕೆ ಕೋಥ್ರೂಡ್‌ನ ನಮ್ಮ ಸೊಸೈಟಿಯ ಗೇಟಿನ ಹತ್ತಿರ ಒಂದು ಟೆಂಪೊ ನಿಲ್ಲುತ್ತದೆ. ತಾಡಪತ್ರಿ ಸರಿಸಿದ ಕೂಡಲೇ ಮೆಂತ್ಯದ ವಾಸನೆ. ಸಿವುಡು ಎತ್ತಿದರೆ ಬೇರಿನ ಮಣ್ಣು ಇನ್ನೂ ಹಸಿ, ಬೆರಳಿಗೆ ಅಂಟುತ್ತದೆ. ಹಿಂದಿನ ದಿನ ಸಂಜೆ ಜುನ್ನರ್ ಕಡೆಯ ಹೊಲದಲ್ಲಿ ಕಿತ್ತದ್ದು ಅದು. ವಿಜಯಪುರದಲ್ಲಿ ಅವ್ವ ಸಂತೆಯಿಂದ ತರುತ್ತಿದ್ದ ಪಲ್ಯೆ ಹೀಗೇ ಇರುತ್ತಿತ್ತು.

ಈ ಟೆಂಪೊ ನಮ್ಮ ಗೇಟಿಗೆ ತಪ್ಪದೆ ಬರುವಂತಾಗಲು ಎರಡು ವರ್ಷ ಹಿಡಿಯಿತು. ರೈತರು ಸಿಗುವುದು ಸುಲಭ. ಅವರು ಮುಂದಿನ ವಾರವೂ ಬರುವಂತೆ ನಾವು ಕೊಳ್ಳುವುದೇ ಕಷ್ಟ. ನಾವು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು, ಎಲ್ಲಿ ಹುಡುಕುವುದು?

2016ರ ಜುಲೈನಲ್ಲಿ ಮಹಾರಾಷ್ಟ್ರ ಸರ್ಕಾರ ಹಣ್ಣು ಮತ್ತು ತರಕಾರಿಯನ್ನು ಎಪಿಎಂಸಿ, ಅಂದರೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಹಿಡಿತದಿಂದ ಹೊರಗೆ ತಂದಿತು. ಅಲ್ಲಿಂದ ರೈತರು ಮಾರ್ಕೆಟ್ ಯಾರ್ಡಿನ (ಪುಣೆಯ ಸಗಟು ಮಾರುಕಟ್ಟೆ) ದಲ್ಲಾಳಿ ಅಂಗಡಿಗೆ ಹೋಗದೆ ನೇರವಾಗಿ ನಮಗೆ ಮಾರಬಹುದು. ಪುಣೆ ಮತ್ತು ಪಿಂಪ್ರಿ-ಚಿಂಚವಡದ ಹಲವು ಬಡಾವಣೆಗಳಲ್ಲಿ 'ಶೇತಕರಿ ಆಠವಡೇ ಬಾಜಾರ' ಸೇರುತ್ತದೆ, ಅಂದರೆ ರೈತರ ವಾರದ ಸಂತೆ. ಒಂದೊಂದು ಕಡೆ ಒಂದೊಂದು ದಿನ. ನಿಮ್ಮ ಓಣಿಯಲ್ಲಿ ಯಾವ ದಿನ ಎಂದು ಮನೆಕೆಲಸಕ್ಕೆ ಬರುವವರನ್ನು ಕೇಳಿ, ಅವರಿಗೆ ಖಂಡಿತ ಗೊತ್ತಿರುತ್ತದೆ. ಸಂತೆಗಳನ್ನು ನಡೆಸುವುದರಲ್ಲಿ ರಾಜ್ಯದ ಕೃಷಿ ಪಣನ (ಮಾರಾಟ) ಮಂಡಳಿಯ ಕೈಯಿದೆ. ಅದರ ಕಚೇರಿ ಗುಲ್ಟೇಕಡಿಯಲ್ಲೇ ಇದೆ, ಅಲ್ಲೂ ವಿಚಾರಿಸಬಹುದು.

1886ರಲ್ಲಿ ಕಟ್ಟಿದ ನಮ್ಮ ಮಂಡಈ, ಅಂದರೆ ಪುಣೆಯ ಹಳೆಯ ತರಕಾರಿ ಮಾರುಕಟ್ಟೆ, ನನಗೂ ಪ್ರೀತಿಯ ಜಾಗ. ಆದರೆ ಅಲ್ಲಿ ಕೂತವರಲ್ಲಿ ಹೆಚ್ಚಿನವರು ವ್ಯಾಪಾರಿಗಳು. ರೈತರೇ ಬೇಕೆಂದರೆ ವಾರದ ಸಂತೆಯಿಂದ ಶುರು ಮಾಡಿ.

ಇವರು ನಿಜವಾಗಿ ರೈತರೇ?

ಸಂತೆಗೆ ಹೋದ ಮೊದಲ ದಿನ ಏನನ್ನೂ ಜಾಸ್ತಿ ಕೊಳ್ಳಬೇಡಿ. ಸುಮ್ನೆ ಒಂದು ಸುತ್ತು ಹಾಕಿ. ಒಂದೇ ಗಾಡಿಯಲ್ಲಿ ಶುಂಠಿ, ಸೇಬು, ಕ್ಯಾಪ್ಸಿಕಮ್, ನುಗ್ಗೆಕಾಯಿ, ಕಿವಿ ಹಣ್ಣು ಎಲ್ಲವೂ ಇದ್ದರೆ ಅದು ಒಬ್ಬರ ಹೊಲದ್ದಲ್ಲ. ಒಬ್ಬ ಸಣ್ಣ ರೈತನ ಮುಂದೆ ಮೂರೋ ನಾಲ್ಕೋ ಬಗೆ ಇರುತ್ತವೆ. ಬದನೆಕಾಯಿ ಒಂದೇ ಅಳತೆಯವಾಗಿರುವುದಿಲ್ಲ, ಒಂದು ದೊಡ್ಡದು, ಒಂದು ಸೊಟ್ಟ. ಹಾಗೆಂದು ಹತ್ತು ಬಗೆ ಇಟ್ಟವರೆಲ್ಲ ಸುಳ್ಳು ಹೇಳುತ್ತಾರೆ ಎನ್ನಲಾಗದು. ರೈತ ಉತ್ಪಾದಕ ಕಂಪನಿಯವರು ಹಲವು ಸದಸ್ಯರ ಮಾಲನ್ನು ಒಟ್ಟಿಗೆ ತರುತ್ತಾರೆ. ಕೇಳಿದರೆ ಯಾವುದು ಯಾವ ಊರಿನದು ಎಂದು ಹೇಳುತ್ತಾರೆ.

ಮೂರು ಪ್ರಶ್ನೆ ಸಾಕು. 'ದಾದಾ, ಮಾಲ ಕುಠಲಾ?' ಎಲ್ಲಿಯ ಮಾಲು. 'ಕಧೀ ಕಾಢಲಾ?' ಯಾವಾಗ ಕಿತ್ತದ್ದು. 'ಪುಢಚ್ಯಾ ಆಠವಡ್ಯಾತ ಕಾಯ ಯೇಣಾರ?' ಮುಂದಿನ ವಾರ ಏನು ಬರುತ್ತದೆ. ನನಗೆ ಈ ಮೂರನೆಯದರ ಮೇಲೆ ಜಾಸ್ತಿ ನಂಬಿಕೆ. ವ್ಯಾಪಾರಿ 'ನಿಮಗೇನು ಬೇಕೋ ಹೇಳಿ, ತರ್ತೇನೆ' ಎನ್ನುತ್ತಾರೆ. ರೈತ 'ಗವಾರ ಇನ್ನೂ ಹೂವಿನಲ್ಲಿದೆ, ಸ್ವಲ್ಪ ದಿನ ತಡೀರಿ' ಎನ್ನುತ್ತಾರೆ.

ನಮ್ಮ ಕಡೆಯವರಿಗೆ ಇಲ್ಲಿ ಹೆಸರಿನ ಒಂದು ತೊಡಕಿದೆ. ಉತ್ತರ ಕರ್ನಾಟಕದವರು ಚವಳಿಕಾಯಿ ಎನ್ನುವುದು ಗೋರಿಕಾಯಿಗೆ. ಪುಣೆಯಲ್ಲಿ 'ಚವಳಿ' ಕೇಳಿದರೆ ಅಲಸಂದೆ ಕೈಗೆ ಬರುತ್ತದೆ! ಗೋರಿಕಾಯಿಗೆ 'ಗವಾರ' ಎನ್ನಬೇಕು. ಹೀರೆಕಾಯಿ ದೋಡಕಾ, ತೊಂಡೆಕಾಯಿ ತೋಂಡಲೀ, ಅವರೆಕಾಯಿ ಪಾವಟಾ, ಸಬ್ಬಸಿಗೆ ಶೇಪೂ. ಪುಂಡಿಪಲ್ಯೆ ಬೇಕಾದವರು 'ಅಂಬಾಡಿ' ಎಂದು ಕೇಳಿ. ಪತ್ರೊಡೆ ಮಾಡುವ ಕರಾವಳಿಯವರಿಗೆ ಕೆಸುವಿನ ಎಲೆ 'ಅಳೂ' ಎಂಬ ಹೆಸರಿನಲ್ಲಿ ಸಿಗುತ್ತದೆ.

ಬೆಲೆ ಎಷ್ಟು ಕೊಡುವುದು?

ಮರಾಠಿ ಪತ್ರಿಕೆಗಳಲ್ಲಿ ಮಾರ್ಕೆಟ್ ಯಾರ್ಡಿನ ದರ ಬರುತ್ತದೆ. ಓದುವ ರೀತಿ ಗೊತ್ತಿರಬೇಕು. ಕಾಯಿಗಳ ದರ 10 ಕಿಲೋಗೆ, ಸೊಪ್ಪಿನ ದರ 100 ಜುಡಿಗೆ. ಜುಡಿ ಅಂದರೆ ನಮ್ಮ ಸಿವುಡು. ಬೆಂಡೆಕಾಯಿ 300 ಎಂದಿದ್ದರೆ ಸಗಟಿನಲ್ಲಿ ಕಿಲೋಗೆ 30. ಅದರಲ್ಲೂ ಗಾಡಿ ಬಾಡಿಗೆ, ಹಮಾಲಿ, ತೂಕದ ಖರ್ಚು ಕಳೆದು ರೈತನ ಕೈಗೆ ಬರುವುದು ಕಡಿಮೆ. ನಿಮ್ಮ ಓಣಿಯ ಅಂಗಡಿಯಲ್ಲಿ ಅದೇ ಬೆಂಡೆ 60 ಇದ್ದರೆ, 45ರ ಆಸುಪಾಸು ಇಬ್ಬರಿಗೂ ಒಳ್ಳೆಯದು. ಅದಕ್ಕಿಂತ ಕೆಳಗೆ ಎಳೆಯಬೇಡಿ. ಅಗ್ಗ ಒಂದೇ ಬೇಕಾದರೆ ಈ ದಾರಿ ನಿಮಗಲ್ಲ.

ಸೊಸೈಟಿಯವರು ಸೇರಿ ತರಿಸುವುದು

ಇಲ್ಲಿ ನಾವು ಒಂದು ದೊಡ್ಡ ತಪ್ಪು ಮಾಡಿದೆವು. ಸಂತೆಯಲ್ಲಿ ಪರಿಚಯವಾದ ಒಬ್ಬ ರೈತ ಮಹಿಳೆಗೆ (ನಮಗೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ) 60 ಜುಡಿ ಮೆಂತ್ಯ ತರಲು ಹೇಳಿದ್ದೆವು. ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ 'ನನಗೂ ಇರಲಿ' ಎಂದು ಬರೆದವರೇ. ಆ ವಾರ ಸಾಲು ರಜೆ ಇತ್ತು, ಅರ್ಧ ಜನ ಊರಿಗೆ ಹೋದರು. ಹನ್ನೊಂದು ಗಂಟೆಯಾದರೂ 22 ಜುಡಿ ಮಾತ್ರ ಹೋಗಿದ್ದವು. ಬಿಸಿಲಿಗೆ ಎಲೆ ಬಾಡಿ ಕೆಳಗೆ ಜೋತುಬಿದ್ದವು. ಮಾವಶಿ ಒಂದು ಮಾತೂ ಆಡಲಿಲ್ಲ. ಉಳಿದದ್ದನ್ನು ಗೋಣಿಚೀಲಕ್ಕೆ ತುಂಬಿ 'ದನಕ್ಕೆ ಆಗ್ತದೆ' ಎಂದು ಹೇಳಿ ಹೊರಟುಹೋದರು. ಮುಂದಿನ ರವಿವಾರ ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ.

ನಾವು ಮೂವರು ಅವರ ಊರಿಗೇ ಹೋಗಿ 38 ಜುಡಿಯ ಹಣ ಕೊಟ್ಟು ಬಂದೆವು. ಅವರು ಬೇಡ ಎಂದರೂ ಕೈಯಲ್ಲಿಟ್ಟೆವು. ಆ ದಿನ ಅವರ ಹೊಲ ನೋಡಿದೆ. ಮೆಂತ್ಯ ಬಿತ್ತಿದ ಮಡಿ ನಮ್ಮ ಪಾರ್ಕಿಂಗ್‌ಗಿಂತ ದೊಡ್ಡದಿರಲಿಲ್ಲ. 38 ಜುಡಿ ಅಂದರೆ ಆ ಮಡಿಯ ಒಂದು ಮೂಲೆಯೇ ಖಾಲಿಯಾಗಿತ್ತು.

ಆಮೇಲೆ ಹೀಗೆ ಮಾಡಿಕೊಂಡೆವು. ಬುಧವಾರ ರೈತರೇ ಹೊಲದಲ್ಲಿ ಏನಿದೆ ಎಂದು ಕಳಿಸುತ್ತಾರೆ. ನಮಗೆ ಬೇಕಾದ್ದರ ಪಟ್ಟಿ ನಾವು ಕಳಿಸುವುದಿಲ್ಲ. ಗುರುವಾರ ರಾತ್ರಿಯೊಳಗೆ ಆರ್ಡರ್, ಶುಕ್ರವಾರ ಯುಪಿಐನಲ್ಲಿ ಪೂರ್ತಿ ಹಣ, ಶನಿವಾರ ಸಂಜೆ ಕಟಾವು. ಹಣ ಬಂದಷ್ಟೇ ಕೀಳುವುದು. ಊರಿಗೆ ಹೋದವರ ಚೀಲ ಪಕ್ಕದ ಮನೆಯವರಿಗೆ, ಹಣ ವಾಪಸ್ ಇಲ್ಲ. ಲೆಕ್ಕ ನೋಡಲು ಪ್ರತಿ ತಿಂಗಳು ಒಬ್ಬರು. ಟೆಂಪೊ ಖರ್ಚು ಹೊಂದಬೇಕಾದರೆ ನಮ್ಮ ಅನುಭವದಲ್ಲಿ 25 ಮನೆಯಾದರೂ ಬೇಕು. ಅಷ್ಟಿಲ್ಲದಿದ್ದರೆ ಪಕ್ಕದ ಸೊಸೈಟಿಯನ್ನು ಸೇರಿಸಿಕೊಳ್ಳಿ.

ಸೊಪ್ಪಿಗೆ ಮೂರು ತಿಂಗಳಿಗೊಮ್ಮೆ ಒಂದೇ ದರ ಮಾತಾಡಿದ್ದೇವೆ. ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕೇಳುವವರಿಲ್ಲದೆ ಬಿದ್ದಾಗಲೂ ನಾವು ಅಷ್ಟೇ ಕೊಡುತ್ತೇವೆ. ಮಳೆಗೆ ಬೆಳೆ ಹೋಗಿ ದರ ಮೇಲೆ ಹತ್ತಿದಾಗ ಅವರೂ ಅಷ್ಟಕ್ಕೇ ಕೊಡುತ್ತಾರೆ. ಆಲಿಕಲ್ಲು ಬಿದ್ದ ವಾರ 'ಈ ಸಲ ಏನೂ ಇಲ್ಲ' ಎಂಬ ಸಂದೇಶ ಬರುತ್ತದೆ, ಅದಕ್ಕೂ ತಯಾರಿರಬೇಕು ಅಲ್ವಾ?

ಟೊಮೆಟೊ ಮಾತ್ರ ಬೇರೆ ಲೆಕ್ಕ. ನಾರಾಯಣಗಾಂವ್ ಮಾರುಕಟ್ಟೆಯಲ್ಲಿ ಅದು 20 ಕಿಲೋ ಕ್ರೇಟಿನಲ್ಲಿ ಹೋಗುತ್ತದೆ. ನಾಲ್ಕೈದು ಮನೆಯವರು ಒಂದು ಕ್ರೇಟ್ ಹಂಚಿಕೊಳ್ಳಿ. ಅರ್ಧ ಹಣ್ಣು, ಅರ್ಧ ದೋರಗಾಯಿ ಕೊಡಿ ಎಂದು ಮೊದಲೇ ಹೇಳಿ.

ಔಷಧ ಹೊಡೆದಿದ್ದಾರಾ?

ಕೇಳುವುದಕ್ಕೆ ಸಂಕೋಚ ಬೇಡ. ಆದರೆ 'ಔಷಧ ಹೊಡೀತೀರಾ' ಎಂದು ಕೇಳಿದರೆ ಪೊಲೀಸರ ಪ್ರಶ್ನೆಯಾಗುತ್ತದೆ. 'ಶೇವಟಚೀ ಫವಾರಣೀ ಕಧೀ ಕೇಲೀ?', ಅಂದರೆ ಕೊನೆಯ ಸಲ ಯಾವಾಗ ಹೊಡೆದಿರಿ ಎಂದು ಕೇಳಿ. ಪ್ರತಿ ಔಷಧಕ್ಕೂ ಹೊಡೆದ ಮೇಲೆ ಇಷ್ಟು ದಿನ ಕೀಳಬಾರದು ಎಂಬ ಅವಧಿ ಇರುತ್ತದೆ, ಡಬ್ಬಿಯ ಜೊತೆಗಿನ ಚೀಟಿಯಲ್ಲಿ ಬರೆದಿರುತ್ತದೆ. ಹೆಸರು ಮತ್ತು ದಿನ ಎರಡನ್ನೂ ಹೇಳುವ ರೈತರ ಮೇಲೆ ನನಗೆ ಭರವಸೆ. ಸಾವಯವ ಎಂದು ಹೇಳಿ ದುಪ್ಪಟ್ಟು ದರ ಕೇಳುವವರ ಹತ್ತಿರ ಸಾವಯವ ಬೆಳೆಗೆ ಕೊಡುವ ಪಿಜಿಎಸ್-ಇಂಡಿಯಾ ಪ್ರಮಾಣಪತ್ರ ಇದೆಯೇ ಎಂದು ನೋಡಿ. ಅದು ಇಲ್ಲದೆಯೂ ಶುದ್ಧವಾಗಿ ಬೆಳೆಯುವ ಸಣ್ಣ ರೈತರಿದ್ದಾರೆ. ಅಂಥವರ ಹೊಲಕ್ಕೆ ಒಮ್ಮೆ ಹೋಗಿ ಬನ್ನಿ.

ಯಾವಾಗ ಏನು?

ಪುಣೆಯಿಂದ ದಿವೇ ಘಾಟ್ ಹತ್ತಿ ಹೋದರೆ ಸಾಸವಡ, ಸುಮಾರು 30 ಕಿಲೋಮೀಟರ್. ಅದು ಪುರಂದರ ತಾಲ್ಲೂಕು. ಮಳೆಗಾಲದಲ್ಲಿ ಅಲ್ಲಿಯ ಹಸಿ ಬಟಾಣಿ ಮತ್ತು ಸೀತಾಫಲ ನೋಡಲೇಬೇಕು. ಬಟಾಣಿಯ ಸಿಪ್ಪೆ ಒತ್ತಿದರೆ ಟಪ್ ಎಂದು ಒಡೆಯಬೇಕು. ಪುರಂದರದ ಅಂಜೂರಕ್ಕೆ 2016ರಲ್ಲಿ ಜಿಐ ಗುರುತು, ಅಂದರೆ ಅದು ಇಂಥ ಊರಿನದೇ ಎಂಬ ಅಧಿಕೃತ ಗುರುತು, ಸಿಕ್ಕಿದೆ. ಅಂಜೂರ ಒಂದು ದಿನ ಇಟ್ಟರೂ ನೀರು ಬಿಡುತ್ತದೆ. ಆದ್ದರಿಂದ ಬೆಳಿಗ್ಗೆ ತಂದು ಸಂಜೆಯೊಳಗೆ ತಿನ್ನಿ.

ದೀಪಾವಳಿಯ ಆಸುಪಾಸು ಭತ್ತದ ಕೊಯ್ಲು. ಮುಳಶಿಯ ಆಂಬೇಮೊಹರ್ ಅಕ್ಕಿ ಬೇಯುವಾಗ ಮಾವಿನ ಹೂವಿನ ವಾಸನೆ ಬರುತ್ತದೆ, ಹೆಸರೂ ಅದರಿಂದಲೇ ಬಂದದ್ದು. ರೈತರಿಂದ ತಂದ ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ. ಕೆಲವು ತಿಂಗಳು ಇಟ್ಟು ಮಾಡಿ, ಇಲ್ಲವೇ ನೀರು ಕಡಿಮೆ ಹಾಕಿ.

ಬೇಸಿಗೆಗೆ ಕೊಂಕಣದ ಬೆಳೆಗಾರರು ಹಾಪೂಸ್ ಮಾವಿನ ಪೆಟ್ಟಿಗೆ ಹಿಡಿದು ಬರುತ್ತಾರೆ. ನಮ್ಮ ಕರ್ನಾಟಕದ ಆಪೂಸನ್ನು ರತ್ನಾಗಿರಿಯದ್ದೆಂದು ಮಾರುವುದೂ ಆಗುತ್ತದೆ. ನಮ್ಮ ಹಣ್ಣು ರುಚಿಯಲ್ಲಿ ಕಡಿಮೆಯಲ್ಲ, ಅದರ ಹೆಸರಿನಲ್ಲೇ ಮಾರಲಿ ಎಂಬುದು ನನ್ನ ಆಸೆ. 2018ರ ಜಿಐ ಗುರುತು ರತ್ನಾಗಿರಿ, ಸಿಂಧುದುರ್ಗ, ರಾಯಗಡ, ಠಾಣೆ, ಪಾಲಘರ್ ಜಿಲ್ಲೆಗಳ ಹಣ್ಣಿಗೆ. ಕಾರ್ಬೈಡ್ ಹಾಕಿ ಮಾಗಿಸುವುದಕ್ಕೆ ಕಾನೂನಿನ ನಿಷೇಧವಿದೆ. ಗಟ್ಟಿ ಕಾಯಿಯನ್ನೇ ತಂದು ಮನೆಯಲ್ಲಿ ಒಣಹುಲ್ಲಿನಲ್ಲಿ ಅಡೆ ಹಾಕಿದರೆ ಆ ಭಯವೇ ಇಲ್ಲ.

ಮನೆಗೆ ತಂದ ಮೇಲೆ

ಬಟ್ಟೆ ಚೀಲ ನಾಲ್ಕಾದರೂ ಒಯ್ಯಿರಿ, ಪ್ಲಾಸ್ಟಿಕ್ ಕೈಚೀಲಕ್ಕೆ ರಾಜ್ಯದಲ್ಲಿ 2018ರಿಂದ ನಿಷೇಧವಿದೆ. ಸೊಪ್ಪು ಮೇಲೆ, ಕುಂಬಳ ಕೆಳಗೆ. ಮನೆಗೆ ಬಂದ ಕೂಡಲೇ ಸೊಪ್ಪಿನ ಕಟ್ಟು ಬಿಚ್ಚಿ, ಇಲ್ಲದಿದ್ದರೆ ನಡುವೆ ಬೆಚ್ಚಗಾಗಿ ಕೊಳೆಯುತ್ತದೆ. ತೊಳೆಯಬೇಡಿ. ಹಳದಿ ಎಲೆ ತೆಗೆದು, ಬೇರು ಕತ್ತರಿಸಿ, ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ಕೊತ್ತಂಬರಿಯನ್ನು ಬೇರು ಸಮೇತ ಒಂದು ಲೋಟ ನೀರಿನಲ್ಲಿ ನಿಲ್ಲಿಸಿ. ಟೊಮೆಟೊ ಹೊರಗೇ ಇರಲಿ. ಈರುಳ್ಳಿ, ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿ ಬೇಡ. ಮೊದಲ ದಿನ ಮೆಂತ್ಯ, ಎರಡನೆಯ ದಿನ ಪಾಲಕ್, ಆಮೇಲೆ ಬೆಂಡೆ ಮತ್ತು ಬದನೆ, ಕೊನೆಗೆ ಕುಂಬಳ. ಮುಂದಿನ ಬುಧವಾರದ ಸಂದೇಶ ಬರುವ ಹೊತ್ತಿಗೆ ನಮ್ಮ ಬುಟ್ಟಿಯಲ್ಲಿ ಆ ಕುಂಬಳದ ಅರ್ಧ ಹೋಳು ಉಳಿದಿರುತ್ತದೆ.