ಆಫೀಸಿನಲ್ಲಿ ಬದಲಾವಣೆಯಂತೆ: ಅದು ಯಾವ ಥರದ್ದೆಂದು ಗುರುತಿಸುವುದು ಹೇಗೆ?

'ಸಂಸ್ಥೆಯನ್ನು ಮುಂದಿನ ಹಂತಕ್ಕೆ ಒಯ್ಯುವ ಮಹತ್ವದ ಬದಲಾವಣೆ' ಎಂದು ಮೇಲ್ ಬಂದ ದಿನ ಆಫೀಸಿನ ಕ್ಯಾಂಟೀನ್ ಬೇಗ ಖಾಲಿಯಾಗುವುದಿಲ್ಲ. ಯಾರಿಗೆ ಟ್ರಾನ್ಸ್‌ಫರ್, ಯಾರ ಸೀಟು ಹೋಯಿತು, ಹೊಸ ಬಾಸ್ ಯಾರು ಎಂಬ ಲೆಕ್ಕಾಚಾರ ಅಲ್ಲಿ ನಡೆಯುತ್ತಿರುತ್ತದೆ. ಆ ಮೇಲ್ ಓದಿದರೆ ಮಾತ್ರ ಇದ್ಯಾವುದೂ ತಿಳಿಯುವುದಿಲ್ಲ. ಬದಲಾವಣೆಗಳಲ್ಲಿ ಹಲವು ಥರ ಇವೆ. ನಿಮ್ಮ ಆಫೀಸಿಗೆ ಬಂದಿರುವುದು ಯಾವುದೆಂದು ಗೊತ್ತಾದರೆ ಯಾವುದಕ್ಕೆ ತಯಾರಾಗಬೇಕು, ಯಾವುದನ್ನು ಸುಮ್ನೆ ಕಾದು ನೋಡಬಹುದು ಎಂದು ಹೇಳಬಹುದು.

ಮೊದಲು, ಏನು ಬದಲಾಗುತ್ತಿದೆ ನೋಡಿ

ಸುತ್ತೋಲೆಯನ್ನು ಪಕ್ಕಕ್ಕಿಡಿ. ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ನಾನು ಯಾರಿಗೆ ವರದಿ ಮಾಡುತ್ತೇನೆ ಎಂಬುದು ಬದಲಾಗುತ್ತಿದೆಯೇ? ಬೆಳಿಗ್ಗೆ ಬಂದು ಮಾಡುವ ಕೆಲಸದ ರೀತಿ ಬದಲಾಗುತ್ತಿದೆಯೇ? ಸಂಸ್ಥೆ ಮಾರುವ ವಸ್ತು ಅಥವಾ ಕೊಡುವ ಸೇವೆಯೇ ಬದಲಾಗುತ್ತಿದೆಯೇ? ಅಥವಾ ಇಲ್ಲಿನ ವಾಡಿಕೆ, ಅಂದರೆ ಹೀಗೆ ಮಾತಾಡಬೇಕು, ಹೀಗೆ ನಡೆದುಕೊಳ್ಳಬೇಕು ಎಂದು ಯಾರೂ ಬರೆದಿಡದ ರೂಢಿಯೇ?

ಮೊದಲನೆಯದು ಚೌಕಟ್ಟಿನ ಬದಲಾವಣೆ. ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿಯನ್ನೇ (ಕೆಇಬಿ) ನೋಡಿ. 1999ರ ಆಗಸ್ಟ್‌ನಲ್ಲಿ ಅದು ಕೆಪಿಟಿಸಿಎಲ್ ಆಯಿತು. 2002ರ ಜೂನ್‌ನಲ್ಲಿ ವಿತರಣೆಯ ಕೆಲಸ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳಿಗೆ ಹೋಯಿತು. ಮೈಸೂರು ಭಾಗದ ಸೆಸ್ಕ್ ಆಮೇಲೆ ಬಂತು. ಕಾಗದದ ಮೇಲೆ ಎಲ್ಲವೂ ಹೊಸದು. ಆದರೆ ಕರೆಂಟು ಹೋದರೆ ಇವತ್ತಿಗೂ ಎಷ್ಟೋ ಜನ 'ಕೆಇಬಿಗೆ ಫೋನ್ ಮಾಡಿ' ಅಂತಲೇ ಹೇಳುತ್ತಾರೆ, ಅಲ್ವಾ? ಬೋರ್ಡು ಬದಲಾದ ತಕ್ಷಣ ಹಳೆಯ ಸಂಸ್ಥೆ ಜನರ ತಲೆಯಿಂದ ಹೋಗುವುದಿಲ್ಲ. ಒಳಗೆ ಕೆಲಸ ಮಾಡುವವರ ತಲೆಯಿಂದಲೂ ಅಷ್ಟೇ.

ಎರಡನೆಯದು ವಿಧಾನದ ಬದಲಾವಣೆ. ಎಲ್ಲರೂ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. 'ಹೊಸ ಸಾಫ್ಟ್‌ವೇರ್ ಬರ್ತಿದೆ, ಎರಡು ದಿನ ಟ್ರೇನಿಂಗ್' ಎಂದು ಮುಗಿಸಿಬಿಡುತ್ತಾರೆ. ನನ್ನ ಪ್ರಕಾರ ಜಾಸ್ತಿ ಎಚ್ಚರದಿಂದ ನೋಡಬೇಕಾದ್ದು ಇದನ್ನೇ. ಕಂದಾಯ ಇಲಾಖೆಯ 'ಭೂಮಿ' ಯೋಜನೆ ಇದಕ್ಕೆ ಒಳ್ಳೆಯ ಉದಾಹರಣೆ. ಅದಕ್ಕೆ ಮೊದಲು ಪಹಣಿ ಗ್ರಾಮ ಲೆಕ್ಕಿಗರ ಕೈಬರಹದಲ್ಲಿತ್ತು. ರೈತ ಅವರನ್ನು ಹುಡುಕಿಕೊಂಡು ಹೋಗಬೇಕಿತ್ತು, ಅವರು ಸಿಕ್ಕಾಗ ಬರೆಸಿಕೊಳ್ಳಬೇಕಿತ್ತು. 2000ದ ಆಸುಪಾಸಿನಲ್ಲಿ ದಾಖಲೆಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಕಂಪ್ಯೂಟರ್ ಪಹಣಿ ಬಂದ ಮೇಲೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಎಂದಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕಾಯಿತು. ಯಾರು ಏನು ತಿದ್ದಿದರು ಎಂದು ತಿಳಿಯಲು ಸಿಬ್ಬಂದಿ ಬೆರಳಚ್ಚು ಕೊಟ್ಟು ಕೆಲಸ ಶುರು ಮಾಡಬೇಕಾಯಿತು.

ಇಲ್ಲಿ ಇಲಾಖೆಯ ಹೆಸರು ಬದಲಾಗಲಿಲ್ಲ. ತಹಶೀಲ್ದಾರರು ತಹಶೀಲ್ದಾರರಾಗಿಯೇ ಉಳಿದರು. ಗ್ರಾಮ ಲೆಕ್ಕಿಗರೂ ಇದ್ದರು. (ಈಗ ಆ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರು.) ಚೌಕಟ್ಟು ಹಾಗೇ ಇತ್ತು, ಆದರೆ ದಾಖಲೆ ಯಾರ ಕೈಯಲ್ಲಿದೆ ಎಂಬುದು ಬದಲಾಯಿತು. ಅದರ ಜೊತೆಗೆ ಅಧಿಕಾರವೂ ಜಾಗ ಬದಲಿಸಿತು. ಹಾಗಾಗಿ ನಿಮ್ಮ ಆಫೀಸಿಗೆ ಹೊಸ ಸಾಫ್ಟ್‌ವೇರ್ ಬಂದರೆ ಬಟನ್ ಎಲ್ಲಿದೆ ಎಂದು ಕಲಿಯುವುದರ ಜೊತೆಗೆ ಇನ್ನೊಂದನ್ನೂ ನೋಡಿ. ಇಷ್ಟು ದಿನ ಯಾರನ್ನು ಕೇಳಿ ಮಾಡಬೇಕಿತ್ತೋ ಆ ವ್ಯಕ್ತಿಯನ್ನು ಇನ್ನು ಮುಂದೆ ಕೇಳಬೇಕಾಗಿಲ್ಲವೇ? ವಿರೋಧ ಬರುವುದು ಅಲ್ಲಿಂದಲೇ. ಸರ್ವರ್ ಸ್ಲೋ ಎಂಬ ದೂರಿನ ಹಿಂದೆ ಕೆಲವು ಸಲ ಇದೇ ಇರುತ್ತದೆ. ಕೆಲವು ಸಲ ಸರ್ವರ್ ನಿಜಕ್ಕೂ ಸ್ಲೋ ಇರುತ್ತದೆ, ಅದು ಬೇರೆ ಮಾತು.

ಮೂರನೆಯದು ದಿಕ್ಕಿನ ಬದಲಾವಣೆ. ವಿಪ್ರೋ 1945ರಲ್ಲಿ ಮಹಾರಾಷ್ಟ್ರದ ಅಮಳನೇರದಲ್ಲಿ ಅಡುಗೆ ಎಣ್ಣೆಯ ಕಂಪನಿಯಾಗಿ ಶುರುವಾಯಿತು. ಐಬಿಎಂ 1970ರ ದಶಕದ ಕೊನೆಯಲ್ಲಿ ಭಾರತ ಬಿಟ್ಟ ಮೇಲೆ ಕಂಪ್ಯೂಟರ್ ಕಡೆ ಹೊರಳಿತು. ಆದರೆ ಸೋಪಿನಂಥ ಹಳೆಯ ವ್ಯಾಪಾರ ಬಿಡಲಿಲ್ಲ, ಐಟಿಯಲ್ಲದ ವ್ಯವಹಾರಗಳನ್ನು 2013ರಲ್ಲಿ ಬೇರೆ ಕಂಪನಿಯಾಗಿ ಬೇರ್ಪಡಿಸಿತು. ದಿಕ್ಕು ಬದಲಾದರೂ ಹಳೆಯ ವ್ಯಾಪಾರ ಅದೇ ದಿನ ಮುಚ್ಚುವುದಿಲ್ಲ. ನೀವು ಇರುವುದು ಹಳೆಯ ವಿಭಾಗದಲ್ಲೋ ಹೊಸದರಲ್ಲೋ ಎಂಬುದು ಮಾತ್ರ ಮುಖ್ಯವಾಗುತ್ತದೆ.

ನಾಲ್ಕನೆಯದು ವಾಡಿಕೆಯ ಬದಲಾವಣೆ. ಇದಕ್ಕೆ ಸುತ್ತೋಲೆ ಬರುವುದೇ ಇಲ್ಲ. ಬಂದರೂ ನಂಬಬೇಡಿ.

ಆಮೇಲೆ, ಶುರು ಮಾಡಿದ್ದು ಯಾರು ಕೇಳಿ

ಕೆಲವು ಬದಲಾವಣೆಗಳು ತಿಂಗಳುಗಟ್ಟಲೆ ಯೋಚಿಸಿ ಮಾಡಿದವು. ಕೆಲವು ಹೊರಗಿನಿಂದ ಬಂದು ಬೀಳುತ್ತವೆ. ಎರಡಕ್ಕೂ ಸಮಯಪಟ್ಟಿ ಬೇರೆ, ಕೇಳಬೇಕಾದ ಪ್ರಶ್ನೆಯೂ ಬೇರೆ. ಯೋಜಿಸಿದ್ದಾದರೆ 'ವೇಳಾಪಟ್ಟಿ ಏನು' ಎಂದು ಕೇಳಬಹುದು. ಹೊರಗಿನಿಂದ ಬಿದ್ದದ್ದಾದರೆ ಮ್ಯಾನೇಜರಿಗೂ ಗೊತ್ತಿರುವುದಿಲ್ಲ. 'ಈ ವಾರ ಏನು ಮಾಡೋಣ' ಎಂದಷ್ಟೇ ಕೇಳಿ.

ಎರಡೂ ಒಟ್ಟಿಗೇ ಬಂದದ್ದೂ ಉಂಟು. ಹತ್ತು ಸರ್ಕಾರಿ ಬ್ಯಾಂಕುಗಳನ್ನು ನಾಲ್ಕಾಗಿಸುವ ತೀರ್ಮಾನ 2019ರ ಆಗಸ್ಟ್ 30ರಂದು ಹೊರಬಿತ್ತು. ಅದರಂತೆ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ ಸೇರಿದ್ದು 2020ರ ಏಪ್ರಿಲ್ 1ರಂದು. ಏಳು ತಿಂಗಳ ತಯಾರಿ ಸಿಕ್ಕಿತ್ತು. ಆದರೆ ಅದಕ್ಕೆ ಒಂದು ವಾರ ಮೊದಲು ದೇಶದಲ್ಲಿ ಲಾಕ್‌ಡೌನ್ ಬಂದಿತ್ತು! ಯೋಜಿಸಿದ ಬದಲಾವಣೆಯ ಮೊದಲ ದಿನವೇ ಯಾರೂ ಯೋಜಿಸದ ಬದಲಾವಣೆಯ ನಡುವೆ ಬಂತು.

ತಾರೀಖುಗಳನ್ನು ಬೇರೆ ಬೇರೆ ಬರೆದುಕೊಳ್ಳಿ

ಇದೇ ವಿಲೀನವನ್ನು ಇನ್ನೂ ಸ್ವಲ್ಪ ನೋಡೋಣ, ಕಲಿಯಲು ಬೇಕಾದಷ್ಟಿದೆ. ಚೌಕಟ್ಟು ಏಪ್ರಿಲ್ 1ಕ್ಕೆ ಬದಲಾಯಿತು. ಆದರೆ ಸಿಂಡಿಕೇಟ್‌ನ ಹಳೆಯ ಐಎಫ್‌ಎಸ್‌ಸಿ ಕೋಡುಗಳು 2021ರ ಜೂನ್ 30ರವರೆಗೂ ನಡೆದವು. ಜುಲೈ 1ರಿಂದ ಹೊಸ ಕೋಡು. ಅಂದರೆ ಕಾನೂನಿನ ಪ್ರಕಾರ ಒಂದಾದ ಮೇಲೂ ವಿಧಾನ ಪೂರ್ತಿ ಒಂದಾಗಲು ಹದಿನೈದು ತಿಂಗಳು ಹಿಡಿಯಿತು.

ವಾಡಿಕೆಗೆ ತಾರೀಖೇ ಇಲ್ಲ. ಎರಡೂ ಕರಾವಳಿಯ ಬ್ಯಾಂಕುಗಳು. ಕೆನರಾ 1906ರಲ್ಲಿ ಮಂಗಳೂರಿನಲ್ಲಿ, ಸಿಂಡಿಕೇಟ್ 1925ರಲ್ಲಿ ಉಡುಪಿಯಲ್ಲಿ ಹುಟ್ಟಿದವು. ಎರಡೂ ರಾಷ್ಟ್ರೀಕರಣವಾದದ್ದು 1969ರ ಜುಲೈ 19ರಂದೇ. ಆದರೂ ಪ್ರತಿಯೊಂದಕ್ಕೂ ಅದರದೇ ಗುರುತು. 1928ರಿಂದ ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಂಥ ಸಣ್ಣ ಮೊತ್ತ ಸಂಗ್ರಹಿಸಿದ ಪಿಗ್ಮಿ ಠೇವಣಿ ಸಿಂಡಿಕೇಟ್‌ನ ಗುರುತಾಗಿತ್ತು. ಊರು, ಭಾಷೆ ಹತ್ತಿರವಿದ್ದರೆ ಒಂದಾಗುವುದು ಸ್ವಲ್ಪ ಸುಲಭ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇದ್ದ ವಿಜಯಾ ಬ್ಯಾಂಕ್, ಅದಕ್ಕೆ ಒಂದು ವರ್ಷ ಮೊದಲು, 2019ರ ಏಪ್ರಿಲ್ 1ರಂದು ಸೇರಿದ್ದು ಗುಜರಾತಿನ ಬ್ಯಾಂಕ್ ಆಫ್ ಬರೋಡಾಗೆ. ಅಲ್ಲಿ ದೂರ ಜಾಸ್ತಿ.

ಹಾಗಾಗಿ ನಿಮ್ಮ ಡೈರಿಯಲ್ಲಿ ಒಂದೇ ತಾರೀಖು ಬರೆದುಕೊಳ್ಳಬೇಡಿ. ಆರ್ಡರ್ ಜಾರಿಯಾಗುವ ದಿನ, ಹೊಸ ಸಿಸ್ಟಮ್ ಶುರುವಾಗುವ ದಿನ, ಹಳೆಯದು ನಿಲ್ಲುವ ದಿನ, ಮೂರನ್ನೂ ಬೇರೆ ಬೇರೆ ಬರೆಯಿರಿ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಎರಡೂ ಕಡೆ ಎಂಟ್ರಿ ಮಾಡುವ ಕಾಲ ಬರಬಹುದು. ರಜೆ ಹಾಕುವ ಯೋಚನೆ ಇದ್ದರೆ ಆ ದಿನಗಳನ್ನು ಬಿಟ್ಟು ಹಾಕಿ.

ಗಾತ್ರ ಅಳೆಯಿರಿ

ಫಾರಂನಲ್ಲಿ ಒಂದು ಕಾಲಂ ಸೇರಿಸುವುದೂ ಬದಲಾವಣೆಯೇ, ಇಡೀ ವಿಭಾಗ ಮುಚ್ಚುವುದೂ ಬದಲಾವಣೆಯೇ. ಅಳೆಯಲು ಸುಲಭ ದಾರಿ ಒಂದಿದೆ. ನಿಮ್ಮ ಕೆಲಸಕ್ಕೆ ಇವತ್ತು ಒಬ್ಬ ಹೊಸಬ ಬಂದರೆ, ನಿಮಗೆ ಗೊತ್ತಿರುವುದರಲ್ಲಿ ಎಷ್ಟನ್ನು ಅವನಿಗೆ ಹೇಳಿಕೊಡುತ್ತೀರಿ? ಹೆಚ್ಚಿನದನ್ನು ಹೇಳಿಕೊಡಬಹುದಾದರೆ ಬದಲಾವಣೆ ಸಣ್ಣದು. 'ಇದೆಲ್ಲ ಇನ್ನು ಬೇಕಾಗಲ್ಲ' ಅನ್ನಿಸಿದರೆ ಬುಡದಿಂದಲೇ ಬದಲಾಗುತ್ತಿದೆ. ಸಣ್ಣ ಸಣ್ಣದಾಗಿಯೇ ಬಂದು ಬುಡ ಬದಲಿಸುವವೂ ಇವೆ, ಅದಕ್ಕೇ ಆರು ತಿಂಗಳಿಗೊಮ್ಮೆ ಈ ಪ್ರಶ್ನೆ ಕೇಳಿಕೊಳ್ಳಿ.

ಕೊನೆಗೆ, ಮೀಟಿಂಗಿಗೆ ಹೋಗಿ

ಕೈಯಲ್ಲಿ ಚಿಕ್ಕ ಪಟ್ಟಿ ಇರಲಿ. ನನ್ನ ರಜೆ, ಬಡ್ತಿಗೆ ಸಹಿ ಹಾಕುವವರು ಯಾರು? ಸೀನಿಯಾರಿಟಿ ಹೇಗೆ ಲೆಕ್ಕ ಹಾಕುತ್ತಾರೆ? (ವಿಲೀನವಾದರೆ ಇದನ್ನು ಬಿಡಲೇಬೇಡಿ.) ಹಳೆಯ ಸಿಸ್ಟಮ್‌ನ ಡೇಟಾ ಯಾರ ಬಳಿ ಇರುತ್ತದೆ? ತಪ್ಪಾದರೆ ಮೊದಲ ಮೂರು ತಿಂಗಳು ಯಾರನ್ನು ಕೇಳಬೇಕು? ಉತ್ತರ ಬಾಯಿಮಾತಿನಲ್ಲಿ ಬಂದರೆ ಅದೇ ಸಂಜೆ 'ಇವತ್ತು ತಿಳಿಸಿದ ಹಾಗೆ' ಎಂದು ಶುರು ಮಾಡಿ ಒಂದು ಮೇಲ್ ಹಾಕಿ. ವಾಡಿಕೆಯ ಬಗ್ಗೆ ಮಾತ್ರ ಮೀಟಿಂಗಿನಲ್ಲಿ ಕೇಳಬೇಡಿ. ಅಲ್ಲಿ ಉತ್ತರ ಸಿಗದು. ಹೊಸ ಬಾಸ್ ಬಂದ ಮೊದಲ ತಿಂಗಳು ಕೆಟ್ಟ ಸುದ್ದಿ ತಂದವರ ಜೊತೆ ಹೇಗೆ ನಡೆದುಕೊಳ್ಳುತ್ತಾರೆ ನೋಡಿ, ಗೊತ್ತಾಗುತ್ತದೆ.