ಖಾಲಿ ತೊಟ್ಟಿಯನ್ನು ಕಾಯುವ ಕೆಲಸ

ಕರಾವಳಿಯ ಪಟ್ಟಣವೊಂದರ ಒಳಚರಂಡಿ ಪಂಪ್‌ಹೌಸಿನ ಹೊಣೆ ನನಗೆ ಬಂದಾಗ, ಇಳಿಜಾರಿನಲ್ಲಿ ತಾನಾಗಿ ಹರಿದು ಬಂದ ಕೊಳಚೆನೀರನ್ನು ತಗ್ಗಿನಿಂದ ಎತ್ತಿ ಶುದ್ಧೀಕರಣ ಘಟಕದ ಕಡೆಗೆ ದೂಡಿದರೆ ಕೆಲಸ ಮುಗಿಯಿತೆಂದೇ ಭಾವಿಸಿದ್ದೆ. ನಮ್ಮ ವೆಟ್‌ವೆಲ್‌ನ, ಅಂದರೆ ಈ ನೀರು ಬಂದು ಸೇರುವ ಬಾವಿಯ, ವ್ಯಾಸ 4 ಮೀಟರ್. ಒಂದು ಪಂಪು ಸೆಕೆಂಡಿಗೆ 50 ಲೀಟರ್ ಎತ್ತುತ್ತಿತ್ತು. ಹೊಲಸು ಹೆಚ್ಚು ಹೊತ್ತು ನಿಲ್ಲಬಾರದೆಂಬ ಉತ್ಸಾಹದಲ್ಲಿ, ಪಂಪು ಶುರುವಾಗುವ ಮಟ್ಟಕ್ಕೂ ನಿಲ್ಲುವ ಮಟ್ಟಕ್ಕೂ ನಡುವೆ ಕೇವಲ 20 ಸೆಂಟಿಮೀಟರ್ ಅಂತರವಿಟ್ಟೆ. ಎರಡನೆಯ ವಾರದಲ್ಲೇ ಒಂದು ಮೋಟಾರಿನ ವೈಂಡಿಂಗ್ ಸುಟ್ಟುಹೋಯಿತು.

ಮೋಟಾರು ಪದೇ ಪದೇ ಶುರುವಾಗಿಯೇ ಸುಟ್ಟಿತ್ತೆಂದು ಆಮೇಲೆ ಕಾಗದ ಹಿಡಿದು ಕುಳಿತಾಗ ತಿಳಿಯಿತು. ಒಳಹರಿವು ತೀರ ಕಡಿಮೆಯಿದ್ದರೆ ಬಾವಿ ತುಂಬಲು ಸಮಯ ಹಿಡಿಯುತ್ತದೆ, ಪಂಪಿನ ಸಾಮರ್ಥ್ಯದ ಹತ್ತಿರವಿದ್ದರೆ ಬರಿದಾಗಲು ಸಮಯ ಹಿಡಿಯುತ್ತದೆ. ಸರಿಯಾಗಿ ಅರ್ಧದಷ್ಟಿದ್ದಾಗಲೇ ಮೋಟಾರು ಅತಿ ಹೆಚ್ಚು ಬಾರಿ ಶುರುವಾಗಿ ನಿಲ್ಲುತ್ತದೆ. ನನ್ನ 20 ಸೆಂಟಿಮೀಟರಿನಲ್ಲಿ ಅದು ಗಂಟೆಗೆ ಸುಮಾರು 18 ಸಲವಾಗುತ್ತಿತ್ತು. ಅದನ್ನು 6ಕ್ಕೆ ಇಳಿಸಲು 7.5 ಘನಮೀಟರ್, ಅಂದರೆ 60 ಸೆಂಟಿಮೀಟರ್ ಅಂತರ ಬೇಕಿತ್ತು. ಅಂತರ ಬದಲಿಸಿದ ಮೇಲೆ ಮೋಟಾರಿನ ಗೋಳು ತಪ್ಪಿತು.

ಮಳೆಗಾಲದ ಪಾಠ ಬೇರೆ. ಮಳೆನೀರಿಗೆ ಪ್ರತ್ಯೇಕ ಚರಂಡಿಯಿದ್ದರೂ ಅಂಗಳದ, ತಾರಸಿಯ ನೀರನ್ನು ಯುಜಿಡಿಗೇ (ಒಳಚರಂಡಿಗೇ) ಬಿಟ್ಟವರು ಕಡಿಮೆಯಿಲ್ಲ. ಮೇಲೇರಿದ ಅಂತರ್ಜಲವೂ ಕೊಳವೆಯ ಸಂದುಗಳಿಂದ ಒಳಕ್ಕೆ ಜಿನುಗುತ್ತದೆ. ಜಡಿಮಳೆಯಲ್ಲಿ ಸೆಕೆಂಡಿಗೆ 100 ಲೀಟರ್ ಬರುತ್ತಿದ್ದಾಗ ಎರಡನೆಯ ಪಂಪನ್ನೂ ಹಾಕಿ ನಿಶ್ಚಿಂತನಾದೆ. ಆದರೆ ಎರಡೂ ಒಂದೇ ಏರುಕೊಳವೆಗೆ ದೂಡುವಾಗ, ವೇಗ ಹೆಚ್ಚಿದಂತೆ ಘರ್ಷಣೆ ಅದರ ವರ್ಗದಂತೆ ಏರುವುದರಿಂದ, ಹೊರಹೋಗುತ್ತಿದ್ದದ್ದು ಸುಮಾರು 70 ಲೀಟರ್ ಮಾತ್ರ. ಉಳಿದ 30 ಲೀಟರಿಗಾಗಿಯೇ ಪಕ್ಕದಲ್ಲಿ 200 ಘನಮೀಟರಿನ ತೊಟ್ಟಿಯಿತ್ತು. ಬಾವಿಯ ನೀರು ನಿಗದಿತ ಅಂಚು ದಾಟಿದರೆ ಅದರೊಳಕ್ಕೆ ಉಕ್ಕುತ್ತದೆ. ಖಾಲಿಯಿದ್ದರೆ 1 ಗಂಟೆ 50 ನಿಮಿಷ ತಡೆಯಬಲ್ಲದು.

ಅಂದು ಅದು ಖಾಲಿಯಿರಲಿಲ್ಲ. ಹಿಂದಿನ ಮಳೆಯ ನೀರನ್ನು ನಿಧಾನವಾಗಿ ಖಾಲಿ ಮಾಡೋಣವೆಂದು ನಾನೇ ಅರ್ಧ ಉಳಿಸಿದ್ದೆ. ಒಂದು ಗಂಟೆಯೊಳಗೆ ತೊಟ್ಟಿ ತುಂಬಿತು, ಬಾವಿಯ ನೀರು ಒಳಬರುವ ಕೊಳವೆಯ ಬಾಯಿಗಿಂತ ಮೇಲೇರಿತು, ಹಿಂದಿನ ಕೊಳವೆಗಳಲ್ಲಿ ಹರಿವು ಮಂದವಾಯಿತು, ತಗ್ಗಿನ ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ಎದ್ದಿತು. ಮಳೆ ನಿಂತ ಮೇಲೂ ಕಷ್ಟ ಮುಗಿಯಲಿಲ್ಲ: ಕೊಳವೆಯಲ್ಲಿ ವೇಗ ಸೆಕೆಂಡಿಗೆ 0.6 ಮೀಟರಿಗಿಂತ ಕುಸಿದರೆ ಮರಳು ತಳಕ್ಕೆ ಕೂರುತ್ತದೆ. ಅದನ್ನು ಒತ್ತಡದಿಂದ ನೀರು ಚಿಮ್ಮಿಸುವ ಜೆಟ್ಟಿಂಗ್ ಯಂತ್ರ ತರಿಸಿ ತೆಗೆಸಬೇಕಾಯಿತು.

ಹಳೆಯ ನೀರಿನ ಇನ್ನೊಂದು ಅಪಾಯವನ್ನು ಮೂಗು ಮೊದಲೇ ಹೇಳಿತ್ತು, ನಾನು ಕಿವಿಗೊಟ್ಟಿರಲಿಲ್ಲ. ಗಾಳಿಯಾಡದೆ ನಿಂತ ಕೊಳಚೆಯಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟುತ್ತದೆ; ಅದು ಗಾಳಿಗಿಂತ ಭಾರ, ತಳದಲ್ಲೇ ತಂಗುತ್ತದೆ, ಪ್ರಮಾಣ ಹೆಚ್ಚಾದರೆ ವಾಸನೆ ಹಿಡಿಯುವ ಶಕ್ತಿಯನ್ನೇ ಕೊಲ್ಲುತ್ತದೆ. ಆದ್ದರಿಂದ ತೊಟ್ಟಿಯೊಳಕ್ಕೆ ಯಾರೂ ಇಳಿಯುವುದಿಲ್ಲ. ತಳದ ಕೆಸರನ್ನು ಮೇಲಿನಿಂದಲೇ ಹೋಸಿನ ನೀರು ಹಾಯಿಸಿ ಬಾವಿಗೆ ತಳ್ಳುತ್ತೇವೆ. ಒಳಹರಿವು 50 ಲೀಟರಿಗಿಂತ ಕೆಳಗಿಳಿದ ಕೂಡಲೇ ತೊಟ್ಟಿಯ ವಾಲ್ವನ್ನು ಸ್ವಲ್ಪವೇ ತೆರೆದು, ಪಂಪಿನ ಸಾಮರ್ಥ್ಯದಲ್ಲಿ ಮಿಗುವಷ್ಟನ್ನೇ ಬಾವಿಗೆ ಬಿಡುತ್ತೇವೆ. ಮಳೆಗಾಲದಲ್ಲಿ ತೊಟ್ಟಿಯ ತಳದ ಕಾಂಕ್ರೀಟು ಟಾರ್ಚಿನ ಬೆಳಕಿಗೆ ಕಂಡ ಮೇಲಷ್ಟೇ ನಾನು ಪಾಳಿಯ ಪುಸ್ತಕಕ್ಕೆ ಸಹಿ ಹಾಕುವುದು.