ನಡುಗುವ ಕುದುರೆಗೆ ಖನಿಜದ ಪುಡಿ ಹಾಕುವ ಮೊದಲು

ಮೈಸೂರಿನ ಟಾಂಗಾ ಲಾಯಗಳಲ್ಲಿ ಕುದುರೆ ನಿಂತಲ್ಲೇ ನಡುಗಿದರೆ ಎಲ್ಲರ ಕೈಗೂ ಮೊದಲು ಬರುವುದು ಖನಿಜದ ಪುಡಿ. ನಾನು ಮೊದಲು ನೋಡುವುದು ಗೋದಲಿ. ಒಣಹುಲ್ಲು, ಬೂಸಾ, ಬೇಯಿಸಿದ ಹುರುಳಿ ಇಷ್ಟರಲ್ಲೇ ಒಂದೂವರೆ ವರ್ಷ ಕಳೆದಿದ್ದರೆ ನನ್ನ ಅನುಮಾನ ವಿಟಮಿನ್ ಇ ಕೊರತೆಯ ಮೇಲೆ; ಅದರಿಂದ ಸ್ನಾಯು ನಡೆಸುವ ನರಕೋಶ ಸಾಯುತ್ತದೆ. ಹುಲ್ಲು ಬಿಸಿಲಿಗೆ ಒಣಗಿದಂತೆ ಈ ವಿಟಮಿನ್ ಬಹುಪಾಲು ಹೋಗಿಬಿಡುತ್ತದೆ. ಸೆಲೆನಿಯಂ ಎಂಬ ಖನಿಜ ಅದಕ್ಕೆ ಜೊತೆಗಾರ, ಬದಲಿಯಲ್ಲ.

ಮುಂಗಾಲಿನ ಮೊಣಕೈ ಮೇಲಿನ ದಪ್ಪ ಸ್ನಾಯುವಿಗೆ ಅಂಗೈ ಒತ್ತಿ ಒಂದು ನಿಮಿಷ ಸುಮ್ಮನಿರಿ. ಚರ್ಮದಡಿ ಸಣ್ಣಗೆ ಹರಿದಾಡುವ ಅದುರು ಸಿಗುತ್ತದೆ. ಇಂಥ ಕುದುರೆ ನಾಲ್ಕೂ ಕಾಲನ್ನು ಹೊಟ್ಟೆಯಡಿಗೆ ಕೂಡಿಸಿಕೊಂಡು, ಭಾರವನ್ನು ಕಾಲಿಂದ ಕಾಲಿಗೆ ಬದಲಿಸುತ್ತಾ ನಿಲ್ಲುತ್ತದೆ. ಪದೇಪದೇ ಮಲಗುತ್ತದೆ. ಚೆನ್ನಾಗಿ ತಿಂದರೂ ಮಾಂಸ ಕರಗುತ್ತದೆ. ನಡೆಸಿದರೆ ನಿಂತಾಗಿನದಕ್ಕಿಂತ ವಾಸಿ. ತೂರಾಡಿದರೆ ಸರ್ರಾ (ನೊಣ ಹರಡುವ ರಕ್ತದ ಪರಾವಲಂಬಿ ರೋಗ), ಕುಮ್ರಿ (ಹಿಂಗಾಲು ಸೋಲುವ ರೋಗ), ರೇಬೀಸ್ ಇವನ್ನೆಲ್ಲ ಯೋಚಿಸಬೇಕು. ರೇಬೀಸ್ ಅನುಮಾನವಿದ್ದಾಗ ಬಾಯಿಗೆ ಕೈ ಹಾಕಲೇಬೇಡಿ.

ಔಷಧಿ ಶುರುಮಾಡುವ ಮೊದಲೇ ರಕ್ತ ತೆಗೆಯಬೇಕು. ಟ್ಯೂಬನ್ನು ನೆಟ್ಟಗೆ ನಿಲ್ಲಿಸಿ, ಬೆಳಕು ತಾಗದಂತೆ ಫಾಯಿಲ್ ಸುತ್ತಿ, ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ಸೀರಂ (ರಕ್ತದ ತಿಳಿ ದ್ರವ) ಬೇರ್ಪಡಿಸಿ. ರಕ್ತಕಣ ಒಡೆದು ಸೀರಂ ಕೆಂಪಾದರೆ, ರಬ್ಬರ್ ಮುಚ್ಚಳಕ್ಕೆ ತಾಗುತ್ತಿದ್ದರೆ, ಇಲ್ಲದ ಕೊರತೆಯನ್ನು ಪರೀಕ್ಷೆ ತೋರಿಸುತ್ತದೆ. ವಿಟಮಿನ್ ಇ ಮಿಲಿಲೀಟರಿಗೆ 2 ಮೈಕ್ರೋಗ್ರಾಂಗಿಂತ ಮೇಲಿದ್ದರೆ ಸಾಕು.

ಕೊರತೆಯಿದ್ದರೆ ಕೆಜಿ ತೂಕಕ್ಕೆ ದಿನಕ್ಕೆ ವಿಟಮಿನ್ ಇ 10 ಯೂನಿಟ್; 300 ಕೆಜಿಯ ಟಾಂಗಾ ಕುದುರೆಗೆ 3000. ನೀರಿನಲ್ಲಿ ಬೆರೆಯುವ ನೈಸರ್ಗಿಕ ರೂಪ ಬೇಗ ಹತ್ತುತ್ತದೆ. ಅದು ಸಿಗದಿದ್ದರೆ ಔಷಧಿ ಅಂಗಡಿಯ 400 ಮಿಲಿಗ್ರಾಂ ಕ್ಯಾಪ್ಸೂಲ್ ಏಳೆಂಟು ಕತ್ತರಿಸಿ, ಒಂದಿಷ್ಟು ಎಣ್ಣೆ ಸೇರಿಸಿದ ಬೂಸಾ ಉಂಡೆಗೆ ಹಿಂಡಿ. ಅದು ಸಿಂಥೆಟಿಕ್, ಒಂದು ಮಿಲಿಗ್ರಾಂ ಅಂದರೆ ಸುಮಾರು ಒಂದು ಯೂನಿಟ್, ಹತ್ತುವುದು ಕಡಿಮೆ, ಹಾಗಾಗಿ ತಿಂಗಳ ನಂತರ ಮತ್ತೆ ರಕ್ತ ನೋಡಲೇಬೇಕು.

ಇಲ್ಲಿ ಆಗುವ ದೊಡ್ಡ ತಪ್ಪು ಸೆಲೆನಿಯಂ ಸೇರಿದ ಇಂಜೆಕ್ಷನ್. ಮಿಲಿಗೆ 50 ಮಿಲಿಗ್ರಾಂ ಇ, 1.5 ಮಿಲಿಗ್ರಾಂ ಸೆಲೆನಿಯಂ ಇರುವ ಔಷಧಿಯಿಂದ 3000 ಮುಟ್ಟಿಸಲು 60 ಮಿಲಿ ಬೇಕು. ಅಂದರೆ 90 ಮಿಲಿಗ್ರಾಂ ಸೆಲೆನಿಯಂ ಮೈಗೆ ಹೋದಂತೆ! ಈ ತೂಕದ ಕುದುರೆಗೆ ದಿನಕ್ಕೆ ಬೇಕಾದದ್ದು 0.6 ಮಿಲಿಗ್ರಾಂ ಮಾತ್ರ. ಅಷ್ಟು ಹೋದರೆ ಕುದುರೆ ಸಾಯಲೂಬಹುದು. ದಿನವೂ ಸ್ವಲ್ಪಸ್ವಲ್ಪ ಹೆಚ್ಚಾದರೂ ಆಯಾಲು, ಬಾಲದ ಕೂದಲು ಉದುರಿ ಗೊರಸು ಬಿರಿಯುತ್ತದೆ.

ದಿನಕ್ಕೆ ತಾಮ್ರ 60, ಸತು 240 ಮಿಲಿಗ್ರಾಂ ಸಾಕು. ಕಬ್ಬಿಣದ ಟಾನಿಕ್ ಬೇಡವೇ ಬೇಡ, ಮೇವಿನಲ್ಲೇ ಧಾರಾಳವಾಗಿದೆ. ದನದ ಖನಿಜ ಮಿಶ್ರಣದ ಚೀಲ ಓದಿ ನೋಡಿ, ಕೆಲವದರಲ್ಲಿ ಸೆಲೆನಿಯಂ ಇರುವುದೇ ಇಲ್ಲ. ಕೋಳಿ ಆಹಾರ ಹತ್ತಿರವೂ ಸುಳಿಯಬಾರದು, ಅದರಲ್ಲಿ ಮೊನೆನ್ಸಿನ್ ಎಂಬ ಔಷಧಿ ಇದ್ದರೆ ಕುದುರೆಯ ಹೃದಯವೇ ಹೋಗುತ್ತದೆ.

ಮಂಡ್ಯ ಕಡೆಯಿಂದ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ತರಿಸಿ, ಕೊಯ್ದ ದಿನವೇ ಹಾಕಿ. ಮೊದಲ ವಾರ ಸ್ವಲ್ಪವೇ, ಇಲ್ಲವಾದರೆ ಹೊಟ್ಟೆನೋವು. ನೇಪಿಯರ್ ಹುಲ್ಲೊಂದನ್ನೇ ನೆಚ್ಚಬೇಡಿ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಬಿಡುತ್ತದೆ.

ವಾಸಿಯಾಗುವ ಕುದುರೆಯ ನಡುಕ ಆರು ವಾರದಲ್ಲಿ ಇಳಿಯಬಹುದು. ಆದರೆ ಸತ್ತ ನರಕೋಶ ಮರಳುವುದಿಲ್ಲ. ಅಂಥದ್ದನ್ನು ಮತ್ತೆ ಟಾಂಗಾಕ್ಕೆ ಕಟ್ಟಿ ಜನ ಕೂರಿಸಬೇಡಿ.